ಗದ್ದಲವಿಲ್ಲದ ಕಾಲೇಜು ಹುಡುಕಿದ ಮಾವ

ನಮ್ಮ ಸೋದರಮಾವನ ಎಡಗಿವಿ ಅರ್ಧಕ್ಕೇ ಮುಗಿಯುತ್ತಿತ್ತು. ಮೇಲಿನ ಅರ್ಧ ಹೋಗಿ, ಉಳಿದದ್ದು ಒಣ ಹುಣಸೆಹಣ್ಣಿನಂತೆ ಮುದುಡಿಕೊಂಡಿತ್ತು. ಸಿಟ್ಟು ಬಂದಾಗ ಅದನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದ. ಕುರಿ ಕಾಯುತ್ತಿದ್ದ ಮಾವ ಒಮ್ಮೆ ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದ್ದನಂತೆ. ಆ ಹೊಲ ಅಣ್ಣನದೋ ತಮ್ಮನದೋ ಎಂಬ ಜಗಳ ಮೊದಲಿನಿಂದ ಇತ್ತು, ಅದು ಇವನಿಗೆ ಗೊತ್ತಿರಲಿಲ್ಲ. ಅಣ್ಣ ತಮ್ಮನಿಗೆ ಬೀಸಿದ ಕಲ್ಲು ಮಾವನ ಕಿವಿಗೆ ಬಿತ್ತು. ಅಂದಿನಿಂದ ಯಾವ ಊರಿಗೆ ಹೋದರೂ, ನೀರು ಮೇವು ವಿಚಾರಿಸುವ ಮೊದಲು ಅವನು ಕೇಳುತ್ತಿದ್ದದ್ದು ಒಂದೇ: “ಇಲ್ಲಿ ಯಾರಿಗ್ಯಾರಿಗೆ ಆಗಂಗಿಲ್ಲ?”

ಹೊಲದ ಮಟ್ಟಿಗೆ ಒಳ್ಳೆಯ ಪ್ರಶ್ನೆಯೇ. ಅದನ್ನೇ ಹಿಡಿದುಕೊಂಡು ಅವನು ನನಗೆ ಕಾಲೇಜು ಹುಡುಕಲು ಹೊರಟದ್ದು ನನ್ನ ಗ್ರಹಚಾರ.

ತೊಂಬತ್ತರ ದಶಕದ ನಡುವಿನ ಮಾತು. ಕಾನಹೊಸಹಳ್ಳಿಯ ಹತ್ತಿರದ ನಮ್ಮೂರಿನಿಂದ ಓಡಾಡಿ ನಾನು ಪಿಯುಸಿ ಪಾಸು ಮಾಡಿದ್ದೆ. ಬಿ.ಎ. ಸೇರಬೇಕು, ಇತಿಹಾಸ ಓದಬೇಕು ಎಂಬುದೊಂದೇ ಹಟ. ಅಪ್ಪ ಮಗಳ ವಿಷಯವನ್ನೆಲ್ಲ ಅವ್ವನ ಅಣ್ಣನ ಮೇಲೆ ಹಾಕಿ ಕೈತೊಳೆದುಕೊಂಡಿದ್ದ. ಮಾವ ಯಾವುದಾದರೂ ಒಂದು ಕಾಲೇಜಿಗೆ ಹೂಂ ಅನ್ನಬೇಕು. ಇಲ್ಲದಿದ್ದರೆ ಆ ವರ್ಷವೇ ಮದುವೆ. ಗಂಡಿನ ಕಡೆಯವರು ಆಗಲೇ ಬಂದು ಮಂಡಕ್ಕಿ ಮಿರ್ಚಿ ತಿಂದು ಹೋಗಿದ್ದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಬಸ್ ಸ್ಟ್ಯಾಂಡುಗಳನ್ನೂ ಆ ಜೂನ್ ತಿಂಗಳಲ್ಲಿ ನೋಡಿದೆ. ಯಾವ ಕಾಲೇಜು ಎಲ್ಲಿಯದು ಎಂದು ಹೇಳುವುದಿಲ್ಲ. ನಾನು ಇದೇ ಸೀಮೆಯಲ್ಲಿ ಬಾಳಬೇಕಾದವಳು. ಎಲ್ಲವೂ ಸಣ್ಣ ಸಣ್ಣ ಕಾಲೇಜುಗಳು, ನಾಲ್ಕು ಕೋಣೆ, ಒಂದು ಧ್ವಜಕಂಬ. ಮಾವ ಮೊದಲು ಒಳಗೆ ಹೋಗುತ್ತಿರಲಿಲ್ಲ. ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕಂಬಳಿ ಹಾಸಿ ಕೂತು, ಚಹಾ ಬಸಿಗೆ ಸುರಿದುಕೊಂಡು ತನ್ನ ಪ್ರಶ್ನೆ ಕೇಳುತ್ತಿದ್ದ. ಒಂದು ಕಡೆ ಹಾಸ್ಟೆಲಿನ ಖರ್ಚು ಕೇಳಿ ಎದ್ದುಬಿಟ್ಟ. ಇನ್ನೊಂದು ಕಡೆ ಆಡಳಿತ ಮಂಡಳಿಯ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತಿಲ್ಲ ಎಂದು ತಿಳಿಯಿತು. ಆ ಕಾಲೇಜಿನ ಹೊಸಿಲನ್ನೂ ನಾವು ತುಳಿಯಲಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು.

ಮತ್ತೊಂದು ಕಾಲೇಜಿನಲ್ಲಿ ಹುಡುಗರು ಬಸ್ಸು ಬೇಕೆಂದು ಮುಷ್ಕರ ಹೂಡಿದ್ದರು. ಅದರಲ್ಲೂ ಎರಡು ಬಣ. ಒಂದೇ ಬಸ್ಸಿಗಾಗಿ ಒಂದು ಬಣ ಗೇಟಿನ ಆಚೆ, ಇನ್ನೊಂದು ಈಚೆ ನಿಂತು ಪರಸ್ಪರರಿಗೇ ಧಿಕ್ಕಾರ ಕೂಗುತ್ತಿದ್ದವು. ನಾನು ಹೇಗೋ ನುಸುಳಿ ವರಾಂಡಕ್ಕೆ ಹೋದೆ. ಒಂದು ಕೋಣೆಯಲ್ಲಿ ಮೇಷ್ಟ್ರೊಬ್ಬರು ಹೊರಗಿನ ಕೂಗಿಗಿಂತ ಜೋರಾಗಿ ಹಂಪಿಯ ಕಾಲುವೆಗಳ ಬಗ್ಗೆ ಪಾಠ ಮಾಡುತ್ತಿದ್ದರು. ಒಳಗಿದ್ದವರು ಕೆಲವೇ ಮಂದಿ, ಆದರೆ ಬರೆದುಕೊಳ್ಳುತ್ತಿದ್ದರು. ಕಿಟಕಿಯ ಸರಳು ಹಿಡಿದು ನಿಂತವಳಿಗೆ ಕಾಲು ಕೀಳಲು ಮನಸ್ಸಾಗಲಿಲ್ಲ. ನನ್ನ ಕಾಲೇಜು ಇದೇ ಅನ್ನಿಸಿತು.

“ಮಾವ, ಒಳಗ ಪಾಠ ನಡದೈತಿ, ಚೂರು ಕೇಳಿ ನೋಡು,” ಎಂದು ಬೇಡಿಕೊಂಡೆ.

ಮಾವ ಕಿವಿ ಉಜ್ಜಿಕೊಂಡ. “ಪಾಠ ಎಲ್ಲಾ ಕಡಿ ಇರ್ತೈತಿ ಯವ್ವಾ. ಕಲ್ಲು ಬಿದ್ದ ಮ್ಯಾಲೆ ಕಿವಿ ಬರಂಗಿಲ್ಲ,” ಎಂದು ನಡೆದೇಬಿಟ್ಟ.

ಕೊನೆಗೆ ಅವನಿಗೆ ಒಪ್ಪಿಗೆಯಾದ ಕಾಲೇಜಿನಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಬೇವಿನ ಮರದ ಕೆಳಗೆ ಜವಾನ ತೂಕಡಿಸುತ್ತಿದ್ದ. ಮಾವ ಅವನನ್ನು ಎಬ್ಬಿಸಿ ತನ್ನ ಪ್ರಶ್ನೆ ಕೇಳಿದ. ಜವಾನ ಆಕಳಿಸಿ, “ಜಗಳ ಆಡಾಕ ಇಲ್ಲಿ ಯಾರದಾರ್ರಿ,” ಅಂದ. ಮಾವನ ಮುಖ ಅರಳಿತು. ಕರಿಹಲಗೆಯ ಮೇಲೆ ಬೆರಳಿನಲ್ಲಿ ಬರೆಯುವಷ್ಟು ಧೂಳಿದೆ ಎಂದು ನಾನು ಹೇಳಿದ್ದಕ್ಕೆ, ರಜೆ ಮುಗಿದು ಈಗ ತಾನೇ ಬಾಗಿಲು ತೆಗೆದಿದ್ದಾರೆ, ಒರೆಸುತ್ತಾರೆ ಬಿಡು ಅಂದ. ಅಂದೇ ನನ್ನ ಹೆಸರು ಹಚ್ಚಿಸಿ, ದಾರಿಯಲ್ಲಿ ನನಗೆ ಮಲ್ಲಿಗೆ ದಂಡೆ ಕೊಡಿಸಿದ. ಆ ಹೂವನ್ನು ಬಸ್ಸಿನ ಕಿಟಕಿಯಿಂದ ಎಸೆಯುವಷ್ಟು ಸಿಟ್ಟು ನನಗೆ. ಮುಡಿದುಕೊಂಡೇ ಮನೆಗೆ ಬಂದೆ, ಆ ಮಾತು ಬೇರೆ.

ಗದ್ದಲ ಯಾಕಿರಲಿಲ್ಲ ಎಂಬುದು ಮೊದಲ ವಾರದಲ್ಲೇ ಗೊತ್ತಾಯಿತು. ಇತಿಹಾಸಕ್ಕೆ ಮೇಷ್ಟ್ರೇ ಇರಲಿಲ್ಲ. ಪಾಠವಿಲ್ಲವೆಂದು ಹುಡುಗರು ಬರುತ್ತಿರಲಿಲ್ಲ, ಹುಡುಗರಿಲ್ಲವೆಂದು ಇದ್ದ ಇಬ್ಬರು ಮೂವರು ಮೇಷ್ಟ್ರುಗಳೂ ಹಾಜರಿ ಕರೆದು ಹೋಗುತ್ತಿದ್ದರು. ನಾನು ಬಸ್ಸಿಗೆ ಬಂದು, ಬೇವಿನ ಮರದ ಕೆಳಗೆ ಕೂತು, ಬಸ್ಸಿಗೆ ವಾಪಸಾಗುತ್ತಿದ್ದೆ. ಮಾವನಿಗೆ ಹೇಳಿದರೆ “ಬರ್ತಾರ ತಗಾ” ಎಂಬ ಒಂದೇ ಉತ್ತರ. ದಸರೆ ಕಳೆದರೂ ಯಾರೂ ಬರಲಿಲ್ಲ. ಸುಮ್ಮನೆ ಓಡಾಡುವುದಕ್ಕಿಂತ ಮದುವೆ ಮಾಡಿಬಿಡೋಣ ಎಂದು ಅಪ್ಪ ಗೊಣಗತೊಡಗಿದ. ಒಂದು ದಿನ ತಡೆಯಲಾರದೆ, ಅವ್ವನ ಎದುರಿಗೇ ಮಾವನಿಗೆ ಅಂದುಬಿಟ್ಟೆ: “ನಿನ್ನ ಅರ್ಧ ಕಿವಿಗೆ ಹೆದರಿ ನನ್ನ ಪೂರಾ ಓದು ಹಾಳು ಮಾಡಿದಿ.”

ಅವ್ವ ಹೊಡೆಯಲು ಬಂದಳು. ಮಾವ ಅವಳನ್ನು ತಡೆದ.

ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಬಸ್ಸಿನಲ್ಲಿ ಕೂತಿದ್ದ. ಕಾಲೇಜಿಗೆ ಬಂದವನು ಸೀದಾ ಪ್ರಿನ್ಸಿಪಾಲರ ಕೋಣೆಯ ಬಾಗಿಲಿಗೆ ಹೋಗಿ, ಹೆಗಲ ಕಂಬಳಿ ತೆಗೆದು ಹಾಸಿ ಕೂತ. ಕುರಿ ತರುಬಿಸಿಕೊಂಡ ಹೊಲದವರು ಒಪ್ಪಿದ ಜೋಳ ಕೊಡದಿದ್ದರೆ ಅವನು ಹೀಗೇ ಮಾಡುತ್ತಿದ್ದ. ಬೈಯುವುದಿಲ್ಲ, ಬೇಡುವುದಿಲ್ಲ, ಅವರ ಮನೆ ಬಾಗಿಲಿಗೆ ಕಂಬಳಿ ಹಾಸಿ ಕೂತರೆ, ಕೊಟ್ಟ ಮೇಲೆಯೇ ಏಳುವುದು. ಪ್ರಿನ್ಸಿಪಾಲರು ಬಂದು, ಹಿರಿಯರು ಹೀಗೆ ಕಾಲೇಜಿನಲ್ಲಿ ರಾಜಕೀಯ ಮಾಡಬಾರದು ಎಂದು ಮೆತ್ತಗೆ ಹೇಳಿದರು.

“ಮಗಳನ್ನ ನಿಮ್ಮ ಹೊಲಕ್ಕ ಬಿಟ್ಟೀನಿ. ಪಾಠ ಮಾಡೋರನ್ನ ಕರಸ್ರಿ, ಏಳ್ತೀನಿ,” ಅಂದ ಮಾವ.

ಮಧ್ಯಾಹ್ನದ ಹೊತ್ತಿಗೆ, ತಿಂಗಳುಗಟ್ಟಲೆ ಮುಖ ತೋರಿಸದ ಹುಡುಗರೆಲ್ಲ ಎಲ್ಲಿಂದಲೋ ಬಂದು ಕೂಡಿದರು. ಕುರಿಗಾರಜ್ಜನ ಪರ ಒಂದು ಬಣ, ಕಾಲೇಜಿನ ಮಾನ ತೆಗೆದನೆಂದು ಇನ್ನೊಂದು ಬಣ. ಧಿಕ್ಕಾರ, ಜೈಕಾರ ಎಲ್ಲ ಆಯಿತು. ಆ ಕಾಲೇಜಿನ ಮೊಟ್ಟಮೊದಲ ಗಲಾಟೆಗೆ ಕಾರಣ ನಮ್ಮ ಮಾವ. ನಾನು ನಾಚಿಕೆಯಿಂದ ಬೇವಿನ ಮರದ ಹಿಂದೆ ನಿಂತಿದ್ದೆ. ಆ ಕೂಗಾಟದ ನಡುವೆ ಅವನು ಅರ್ಧ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತದ್ದನ್ನು ನೋಡಿದಾಗ ಮಾತ್ರ ಕರುಳು ಚುರಕ್ ಅಂದಿತು.

ದಿನವೂ ಬಂದು ಕೂತ. ಕೊನೆಗೆ ಪಾಠಕ್ಕಿಷ್ಟು ಹಣ ಎಂಬ ಲೆಕ್ಕದಲ್ಲಿ ಒಬ್ಬ ಮೇಷ್ಟ್ರು ಬಂದರು, ಒಂದು ವರ್ಷ ಇದ್ದು ಹೋದರು. ಉಳಿದದ್ದನ್ನು ನಾನೇ ಗೈಡುಗಳನ್ನು ಉರುಹೊಡೆದು ಮುಗಿಸಿದೆ. ಕಿಟಕಿಯಿಂದ ಕೇಳಿದ ಆ ಹಂಪಿಯ ಪಾಠ ನನಗೆ ದಕ್ಕದೇ ಹೋದದ್ದು ಹೋಗಿಯೇಹೋಯಿತು. ಅದಕ್ಕಾಗಿ ಮಾವನ ಮೇಲಿನ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ತಪ್ಪಾಯಿತು ಎಂದು ಅವನೂ ಸಾಯುವವರೆಗೆ ಹೇಳಲಿಲ್ಲ. ಅವನು ತೀರಿಕೊಂಡ ಮೇಲೆ ಕಂಬಳಿಯನ್ನು ಮಾತ್ರ ನಾನು ಕೇಳಿ ತಂದುಕೊಂಡೆ.

ಒಂದು ವರ್ಷ ಇದ್ದು ಹೋದ ಆ ಮೇಷ್ಟ್ರ ಹಾಗೆಯೇ ನಾನೂ ಪಾಠಕ್ಕಿಷ್ಟು ಎಂದು ಇತಿಹಾಸ ಹೇಳುವವಳಾದೆ. ಒಂದು ವರ್ಷ ನಮ್ಮ ಕಾಲೇಜಿನಲ್ಲಿ ಕನ್ನಡಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಕೇಳಿ ಕೇಳಿ ಸಾಕಾಗಿ, ನನ್ನ ಪಾಠ ಮುಗಿದ ಮೇಲೆ ಆಫೀಸಿನ ಬಾಗಿಲಿಗೆ ಮಾವನ ಕಂಬಳಿ ಹಾಸಿ ಕೂತೆ. ಹುಡುಗರು ಸುತ್ತ ಕೂಡಿ ಕೂಗತೊಡಗಿದರು. ತಂಬ್ರಹಳ್ಳಿ ಕಡೆಯ ರೈತನೊಬ್ಬ ಮಗಳನ್ನು ಸೇರಿಸಲು ಬಂದವನು ಅದನ್ನು ಕಂಡು ಮೆಟ್ಟಿಲಲ್ಲೇ ನಿಂತ. ಇಲ್ಲಿ ಗಲಾಟೆ ಇದೆಯೇನ್ರಿ ಎಂದು ನನ್ನನ್ನೇ ಕೇಳಿದ. ಹೂಂ ಅಂದೆ. ಅವನು ಮಗಳ ತೋಳು ಹಿಡಿದು ತಿರುಗಿದ. ಅವಳು ಮಾತ್ರ ಪಕ್ಕದ ಕೋಣೆಯ ಕಿಟಕಿಯನ್ನೇ ನೋಡುತ್ತಿದ್ದಳು. ಒಳಗೆ ಅರ್ಥಶಾಸ್ತ್ರದ ಪಾಠ ನಡೆದಿತ್ತು.

ನನಗೆ ಎಲ್ಲಿತ್ತೋ ಸಿಟ್ಟು. ಎದ್ದು ಹೋಗಿ ದಾರಿಗೆ ಅಡ್ಡ ನಿಂತೆ. “ಚೂರು ನಿಂದರ್ರಿ ಯಜಮಾನ್ರ,” ಅಂದೆ, “ಆಕಿ ಪಾಠ ಕೇಳಲಿ.”