ಬೆಳ್ಳಿ ಕರಡಿಗೆಯ ಭಾರ

"ಈ ಕರಡಿಗಿ ಯಾಕೋ ಇವತ್ತ ಭಾಳ ವಜ್ಜಿ ಅನಸಾಕತ್ತೇತಿ," ಎಂದರು ನಮ್ಮವರು.

ಕಾರವಾರದ ಹತ್ತಿರ, ಸಮುದ್ರದಂಡೆಯ ಉದ್ಯಾನದಲ್ಲಿ ನಡೆಯುತ್ತಿದ್ದೆವು. ವಯಸ್ಸಾದವರೂ ಆರಾಮಾಗಿ ನಡೆಯಬಹುದಾದ ದಾರಿ ಎಂದು ಬಾಗಿಲಲ್ಲೇ ಫಲಕ ಹಾಕಿದ್ದರು. ಕಬ್ಬು ಕಡಿದು ಕಾರ್ಖಾನೆಗೆ ಕಳಿಸಿಯಾಗಿತ್ತು, ನಮ್ಮೂರು ಹಳಿಯಾಳದಲ್ಲಿ ಬಿಸಿಲು ಏರುತ್ತಿತ್ತು. ಮಗಳು ಗೀತಾ ಹಟ ಹಿಡಿದು ನಮ್ಮಿಬ್ಬರನ್ನೂ ಕರೆತಂದಿದ್ದಳು.

ಕೊರಳಲ್ಲಿ ಧರಿಸುವ ಲಿಂಗವನ್ನು ಇಡುವ ಪುಟ್ಟ ಡಬ್ಬಿ, ಕರಡಿಗೆ. ಮೊದಲೆಲ್ಲ ಇವರು ಲಿಂಗವನ್ನು ಬಿಳಿ ವಸ್ತ್ರದಲ್ಲೇ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಗೀತಾಳ ಮದುವೆಯಲ್ಲಿ ಬೀಗರು ಬೆಳ್ಳಿಯದು ಕೊಟ್ಟ ಮೇಲೆ ಅದು ಅಂಗಿಯ ಮೇಲೆ ಮೆರೆಯತೊಡಗಿತು.

"ಬೀಗರ ಬೆಳ್ಳಿ ಅಲ್ರೀ, ವಜ್ಜಿ ಇರೂದ," ಎಂದು ಚೇಷ್ಟೆ ಮಾಡಿದೆ.

ಗೀತಾ ನಕ್ಕಳು. ಅವರು ನಗಲಿಲ್ಲ.

ದಾರಿಯಲ್ಲಿ ಏರಿಲ್ಲ, ಮೆಟ್ಟಿಲಿಲ್ಲ. ಗಾಳಿಮರಗಳನ್ನು ದಾಟಿದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಸೇತುವೆ. ನೀರು ಇಳಿದು ಕೆಳಗೆ ಬರೀ ಕೆಸರು. ನಮ್ಮ ಹೆಜ್ಜೆ ಕೇಳಿದ್ದೇ ತಡ, ಏಡಿಗಳು ತೂತು ಸೇರುತ್ತಿದ್ದವು. ಸಮುದ್ರದ ಸದ್ದು ಕೇಳುತ್ತಿತ್ತು, ಸಮುದ್ರ ಕಾಣುತ್ತಿರಲಿಲ್ಲ. ಹೊಲದಲ್ಲಿ ಯಾವಾಗಲೂ ನನ್ನನ್ನು ಹಿಂದೆ ಬಿಟ್ಟು ಹೋಗುವ ಮನುಷ್ಯ ಈಗ ನನ್ನ ಹಿಂದೆ ಉಳಿದಿದ್ದರು. ತಿರುಗಿ ನೋಡಿದಾಗಲೆಲ್ಲ ಕೈ ಕರಡಿಗೆಯ ಮೇಲೆ. ಒಮ್ಮೆ ಎಡಕ್ಕೆ ಸರಿಸುತ್ತಿದ್ದರು, ಒಮ್ಮೆ ಬಲಕ್ಕೆ. ದಾರ ಹೆಗಲು ಕೊರೆಯುತ್ತಿದೆ ಎಂದರು. ನಾನು ದಾರದ ಕೆಳಗೆ ಕರವಸ್ತ್ರ ಮಡಚಿ ಇಟ್ಟೆ. ಎಂಥಾ ಜಾಣೆ ನಾನು!

ಸೇತುವೆಯ ತುದಿಯ ಬೆಂಚಿನ ಮೇಲೆ ಕುಸಿದು ಕುಳಿತರು. ಬೆವರಿಗೆ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಕರಡಿಗೆಯನ್ನು ಎದೆಗೆ ತಾಗದ ಹಾಗೆ ನನ್ನ ಅಂಗೈಯಲ್ಲಿ ಎತ್ತಿ ಹಿಡಿದೆ.

"ಈಗ ಹಗುರಾತೇನ್ರಿ?"

"ಇಲ್ಲ. ಇನ್ನೂ ಹಂಗ ಐತಿ."

ಕರಡಿಗೆ ನನ್ನ ಕೈಯಲ್ಲಿತ್ತು. ಭಾರ ಅವರ ಎದೆಯಲ್ಲೇ ಇತ್ತು.

ಗೀತಾ ಕಾರು ತರಲು ಓಡಿದಳು. ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. "ಅಮ್ಮಾ, ಇದು ಹಾರ್ಟ್ ಅಟ್ಯಾಕ್. ತಕ್ಷಣ ಆಂಜಿಯೋಗ್ರಾಮ್ ಮಾಡಬೇಕು, ಸ್ಟೆಂಟ್ ಬೇಕಾಗಬಹುದು. ಕೊರಳಲ್ಲಿರೋದನ್ನ ತೆಗೆಸಿ."

ಇವರು ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. "ಜೀವ ಇರೂತನಾ ಮೈಮ್ಯಾಲಿಂದ ತಗ್ಯಾಂಗಿಲ್ಲ."

ಲಿಂಗ ಮೈ ಬಿಟ್ಟರೆ ಪ್ರಾಣ ಬಿಟ್ಟ ಹಾಗೆ ಎಂದು ಕೇಳಿಯೇ ಬೆಳೆದವರು. ಹಟಕ್ಕೆ ಬಿದ್ದರೆ ಎತ್ತುಗಳೇ ಇವರಿಗಿಂತ ವಾಸಿ. ನರ್ಸು ನನ್ನ ಮುಖ ನೋಡಿದಳು. ಅವರ ತುಟಿ ನೀಲಿಯಾಗುತ್ತಿತ್ತು. ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು.

"ಲಿಂಗ ಮೈಮ್ಯಾಲೇ ಇರಲ್ರೀ. ಬೆಳ್ಳಿ ಅಷ್ಟ ಬಿಡ್ರಿ."

ಮುಷ್ಟಿ ಸಡಿಲಿತು. ಮುಚ್ಚಳ ತೆಗೆಯಲು ಅವರ ಬೆರಳು ಏಳಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಹೆಂಡತಿಯೂ ಮುಟ್ಟುವುದಿಲ್ಲ.

ಮುಟ್ಟಿದೆ.

ಅದೇ ಕರವಸ್ತ್ರದಲ್ಲಿ ಸುತ್ತಿ ಎಡದೋಳಿಗೆ ಕಟ್ಟಿದೆ. ಡಾಕ್ಟರು ತಲೆಯಾಡಿಸಿದರು, ನರ್ಸು ಮೇಲೊಂದು ಟೇಪು ಅಂಟಿಸಿದಳು. ಬಾಗಿಲು ಮುಚ್ಚಿತು. ಬೆಳ್ಳಿಯ ಖಾಲಿ ಡಬ್ಬಿ ಹಿಡಿದು ನಾನು ಹೊರಗೆ ಉಳಿದೆ.

ಶಿವ ದೊಡ್ಡವನು, ಸ್ಟೆಂಟ್ ಕೂತಿತು. ಈಗ ಹಳಿಯಾಳದಲ್ಲಿದ್ದೇವೆ. ಬೆಳ್ಳಿ ಕಪಾಟು ಸೇರಿದೆ, ಕೊರಳಿಗೆ ಹಳೆಯ ವಸ್ತ್ರವೇ ಬಂದಿದೆ. ಮಾತ್ರೆ ತಪ್ಪಿಸಬೇಡಿ, ಎದೆ ಭಾರವಾದರೆ ಕಾಯಬೇಡಿ ಎಂದಿದ್ದಾರೆ ಡಾಕ್ಟರು.

ನಿನ್ನೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಕುಳಿತಿದ್ದವರ ಕೈ ಎದೆಗೆ ಹೋಯಿತು. ವಸ್ತ್ರದ ಗಂಟನ್ನು ಎಡಕ್ಕೆ ಸರಿಸಿದರು. ಓಡಿಹೋಗಿ ಗಂಟನ್ನು ಅಂಗೈಯಲ್ಲಿ ಎತ್ತಿ ಹಿಡಿದೆ.

"ಈಗ?"

ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು.

"ಹಗುರ ಐತಿ," ಎಂದರು. "ಕೈ ತಗಿ, ಹಿಟ್ಟು ಹತ್ತತೈತಿ."

ರೊಟ್ಟಿ ಸೀದರೆ ಸೀಯಲಿ ಎಂದು ನಾನು ಹಿಡಿದುಕೊಂಡೇ ನಿಂತೆ.