ನೂರಾ ನಲವತ್ತು ಜೊತೆ ಕಣ್ಣು

ಬೈಲಹೊಂಗಲದ ಬಜಾರ ಇನ್ನೂ ಎದ್ದಿಲ್ಲ. ನಿಜಗುಣಪ್ಪನವರ ಫೋಟೋ ಸ್ಟುಡಿಯೋದಲ್ಲಿ, ಮೂಡಣ ಕಿಟಕಿಯ ಕೆಳಗೆ ಕೃಷ್ಣವ್ವ ಆಗಲೇ ಕುಳಿತಿದ್ದಾಳೆ. ಎದುರಿಗೆ ಸತ್ತ ಹೆಂಗಸೊಬ್ಬಳ ಫೋಟೋ. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದಾರೆ, ಕೊರಳಲ್ಲಿ ಹೂವಿನ ಹಾರ, ಕಣ್ಣು ಮುಚ್ಚಿವೆ. ಕೃಷ್ಣವ್ವ ಪಕ್ಕದ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಸಣ್ಣ ಕುಂಚದಿಂದ ಆ ರೆಪ್ಪೆಗಳ ಮೇಲೆ ಕಣ್ಣು ಬರೆಯುತ್ತಾಳೆ. ಬಿಸಿಲು ಮೇಜಿಗೆ ಬರುವಷ್ಟರಲ್ಲಿ ಫೋಟೋದವಳು ನೋಡತೊಡಗುತ್ತಾಳೆ.

ನವಿಲುತೀರ್ಥದ ಆಣೆಕಟ್ಟಿನಲ್ಲಿ ನೀರು ನಿಂತ ವರ್ಷ ಗಂಡ ಗಂಗಪ್ಪ ತೀರಿಕೊಂಡ. ಇಲ್ಲಿ ಫೋಟೋಗಳಿಗೆ ಬಣ್ಣ ಹಾಕುತ್ತಿದ್ದವನು ಅವನೇ. ಅವನ ಕುಂಚ ಇವಳು ಹಿಡಿದಾಗ ಬಜಾರವೆಲ್ಲ ಆಡಿಕೊಂಡಿತು. ಆಡುವವರ ಬಾಯಿಗೆ ಬೀಗವುಂಟೇ? ಈ ಆರು ವರ್ಷದಲ್ಲಿ ಅವಳು ನೂರಾ ನಲವತ್ತು ಹೆಂಗಸರ ಕಣ್ಣು ತೆರೆಸಿದ್ದಾಳೆ. ಗಂಡಸರು ಹನ್ನೊಂದೇ ಮಂದಿ. ಉಳಿದವರು ಬದುಕಿದ್ದಾಗಲೇ ರುಮಾಲು ಸುತ್ತಿಕೊಂಡು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಂಗಸಿನ ಫೋಟೋ ನೆನಪಾಗುವುದು ಆಕೆ ಹೋದ ಮೇಲೆ. ಆಗಲೂ ಹೊಲದ ಬಿಸಿಲಿಗೆ ಕಂದಿದ ಮುಖವನ್ನು ಬೆಳ್ಳಗೆ ಮಾಡಿಕೊಡಿ ಅನ್ನುತ್ತಾರೆ. ಸುಣ್ಣ ಬಳಿಯಲು ಆಕೆಯೇನು ಗೋಡೆಯೇ?

ಕಣ್ಣು ಹೇಗಿದ್ದವು ಎಂದು ಕೃಷ್ಣವ್ವ ಪ್ರತಿ ಮನೆಯವರನ್ನೂ ಕೇಳುತ್ತಾಳೆ. ತಲೆ ತುಂಬ ಸೆರಗು ಹೊದ್ದು ನೆಲ ನೋಡಿಕೊಂಡೇ ಬಾಳಿದವಳ ಕಣ್ಣು ಯಾರಿಗೆ ಗೊತ್ತು?

“ಅದಕ್ಕ ಕನ್ನಡಿ ಇಟಗೊಂಡು ನನ್ನ ಕಣ್ಣ ಬರೀತೇನ್ರಿ,” ಎನ್ನುತ್ತಾಳೆ.

ಹಾಗಾಗಿ ಸಂಪಗಾಂವದಿಂದ ಉಗರಗೋಳದವರೆಗೆ ನೂರಾ ನಲವತ್ತು ಮನೆಗಳ ಗೋಡೆಯಿಂದ ಅವೇ ಎರಡು ಕಣ್ಣು ನೋಡುತ್ತಿವೆ.

ಇವತ್ತು ಸಂಪಗಾಂವದ ರೈತ ಲಕ್ಕಪ್ಪ ತೀರಿಹೋದ ಹೆಂಡತಿಯ ಫೋಟೋ ಮರಳಿ ತಂದಿದ್ದಾನೆ. ಅದರ ಕೆಳಗೆ ‘ಲಕ್ಕಪ್ಪನ ಧರ್ಮಪತ್ನಿ’ ಎಂದಷ್ಟೇ ಇದೆ. ಎಲ್ಲಿ ಕುಳಿತರೂ ಆಕೆ ತನ್ನನ್ನೇ ನೋಡುತ್ತಾಳೆ, ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಅಲವತ್ತುಕೊಳ್ಳುತ್ತಾನೆ.

“ನೋಟ ಒಂದೀಟು ಕೆಳಗ ಮಾಡಿಕೊಡವಾ ತಂಗಿ. ಹೆಣ್ಮಗಳು ಹಂಗ ದಿಟ್ಟಿಸಿ ನೋಡಬಾರದು.”

ಗಿರಾಕಿ ಹೇಳಿದಂತೆ ಮಾಡು, ಆಗದಿದ್ದರೆ ನಾಳೆಯಿಂದ ಬರಬೇಡ ಎಂದು ನಿಜಗುಣಪ್ಪನವರೂ ಹೇಳಿಬಿಡುತ್ತಾರೆ. ಆ ಹನ್ನೊಂದು ಗಂಡಸರಲ್ಲಿ ಒಬ್ಬನ ನೋಟವನ್ನೂ ಇಳಿಸೆಂದು ಯಾರೂ ಬಂದಿರಲಿಲ್ಲ. ಆದರೆ ಇದು ಅನ್ನದ ಮಾತು. ಕೃಷ್ಣವ್ವ ಕುಂಚ ಅದ್ದುತ್ತಾಳೆ.

“ಆಕಿ ಕಣ್ಣು ಹೆಂಗಿದ್ದೂ ಯಣ್ಣಾ? ಹೇಳ್ರಿ, ಹಂಗ ಬರೀತೇನಿ.”

ಲಕ್ಕಪ್ಪ ಫೋಟೋದ ಮೇಲೆ ಬಾಗುತ್ತಾನೆ. ಮೂವತ್ತು ವರ್ಷ ಆಕೆ ಬಡಿದ ರೊಟ್ಟಿ ಉಂಡವನು. ಫೋಟೋದವಳು ಅವನನ್ನು ನೋಡುತ್ತಲೇ ಇದ್ದಾಳೆ. ಆಕೆಯ ಕಣ್ಣು ನೆನಪಿಗೆ ಬಾರದೆ, ಹೆಸರಷ್ಟೇ ಬಂದು, “ಇಂದ್ರವ್ವ,” ಎನ್ನುತ್ತಾನೆ. ಹೆಂಡತಿಯ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು. ನಿಜಗುಣಪ್ಪನವರು ಮತ್ತೆ ಒತ್ತಾಯಿಸದೆ ಒಳಗೆ ಸರಿಯುತ್ತಾರೆ.

ಕೃಷ್ಣವ್ವ ‘ಧರ್ಮಪತ್ನಿ’ಯ ಮೇಲೆ ಆ ಹೆಸರು ಬರೆದು, ಕಣ್ಣು ಮುಟ್ಟದೆ ಫೋಟೋವನ್ನು ಅವನ ಕೈಗಿಡುತ್ತಾಳೆ.

“ಆಕಿ ಕಣ್ಣು ನಿಮಗ ನೆನಪಾಗೂ ತನಕ ಇವ ಇರ್ಲಿ. ನನ್ನ ಕಣ್ಣ ಅದಾವ, ಜ್ವಾಕಿ.”