ಬಿಗಿಯದ ನಟ್ಟು

ಅಜೆಕಾರಿನ ಪುಷ್ಪಾವತಿ ಬೈಕಿನ ಚೈನ್ ಬಿಗಿ ಮಾಡಲು ಕಲಿತದ್ದು ಮಸ್ಕತ್ತಿನಲ್ಲಿದ್ದ ಗಂಡನಿಂದ, ವಿಡಿಯೊ ಕಾಲಿನಲ್ಲಿ. ಮನೆ ಮನೆಗೆ ಅಂಚೆ ಹಂಚುವ ಕೆಲಸ ಅವಳದು. ಮಣ್ಣುದಾರಿಯ ಧೂಳು, ಕೆಸರು ತಿಂದು ಚೈನ್ ತಿಂಗಳಿಗೊಮ್ಮೆ ಜೋಲುತ್ತಿತ್ತು. ಅಂಗಳದಲ್ಲಿ ಗೋಣಿ ಹಾಸಿ, ಸೀಮೆಎಣ್ಣೆ ಹಚ್ಚಿ ಉಜ್ಜಿ, ಒರೆಸಿ, ಎಣ್ಣೆ ಬಿಟ್ಟು, ಎಷ್ಟು ಬೇಕೋ ಅಷ್ಟೇ ಸಡಿಲ ಉಳಿಸುವಷ್ಟು ಪಳಗಿದ್ದಳು. ನೆರೆಮನೆಯ ರಿಕ್ಷಾ ಚಾಲಕ ಲಿಯೋನೆಲ್ ಕೂಡ ತನ್ನ ಬೈಕನ್ನು ಅವಳಿಗೇ ತೋರಿಸುತ್ತಿದ್ದ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಕಳೆದ ಮಾರ್ಚಿನ ಒಂದು ಬೆಳಿಗ್ಗೆ ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚೈನ್ ಸರಿಹೊಂದಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿಟ್ಟಿದ್ದಳು, ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಒಳಗೆ ಓಡಿದಳು.

"ಅಮ್ಮ, ಬಸ್ಸು ತಪ್ಪಿತು! ಬೈಕು ತಕ್ಕೊಂಡು ಹೋಗ್ತೇನೆ!"

ಮಗಳು ಚೈತಾಲಿಯ ದನಿ. ಕಾರ್ಕಳದ ಕಾಲೇಜಿನಲ್ಲಿ ಅವಳಿಗೆ ಅಂದು ಪರೀಕ್ಷೆ. ಪುಷ್ಪಾವತಿ ಗ್ಯಾಸ್ ಆರಿಸಿ ಹೊರಗೆ ಬರುವಷ್ಟರಲ್ಲಿ ಬೈಕು ತಿರುವು ದಾಟಿತ್ತು. ಗೋಣಿಯ ಮೇಲೆ ದೊಡ್ಡ ಸ್ಪ್ಯಾನರ್ ಬಿದ್ದಿತ್ತು, ಅದರ ಪಕ್ಕದಲ್ಲಿ ನಟ್ಟು ಕಳಚದಂತೆ ತಡೆಯುವ ಪಿನ್ನು.

ಮಗಳಿಗೆ ಫೋನು ಮಾಡಿದಳು. ರಿಂಗಾಗಿ ನಿಂತಿತು. ಮತ್ತೊಮ್ಮೆ, ಇನ್ನೊಮ್ಮೆ ಮಾಡಿದರೂ ಅಷ್ಟೇ.

"ಲಿಯೋನೆಲ್, ರಿಕ್ಷಾ ತೆಗೆ ಮಾರಾಯ! ಚೈತಾಲಿ ಹೋದಳು, ಚಕ್ರದ ನಟ್ಟು ಬಿಗಿ ಮಾಡಿಲ್ಲ!"

ಅವಳು ಸ್ಪ್ಯಾನರ್, ಪಿನ್ನು ಎತ್ತಿಕೊಂಡು ಹತ್ತುತ್ತಲೇ ಲಿಯೋನೆಲ್ ರಿಕ್ಷಾ ಹೊರಡಿಸಿದ. ದಾರಿಯಲ್ಲಿ ಕಲ್ಲುಕೋರೆಯ ಲಾರಿಗಳು ಸಾಲಾಗಿ ಎದುರಾಗುತ್ತಿದ್ದವು. ಒಂದೊಂದು ಲಾರಿ ಹಾದುಹೋದಾಗಲೂ ಪುಷ್ಪಾವತಿ ಅದರ ಗಾಲಿಗಳನ್ನೇ ನೋಡಿದಳು. ಒಂದು ಇಳಿಜಾರಿನ ಕೆಳಗೆ ಜನ ಗುಂಪುಗೂಡಿದ್ದರು. ಲಿಯೋನೆಲ್ ರಿಕ್ಷಾ ನಿಲ್ಲಿಸಿದ.

"ಪುಷ್ಪಕ್ಕ, ನೀವು ಇಳಿಯಬೇಡಿ. ನಾನು ನೋಡ್ತೇನೆ."

ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕರು ಅವರು. ರಿಕ್ಷಾ ಮತ್ತೆ ಹೊರಟಿತು.

ಕಾಲೇಜಿನ ಹಿಂದೆ, ಮರದ ನೆರಳಲ್ಲಿ ಬೈಕು ನಿಂತಿತ್ತು. ಪುಷ್ಪಾವತಿ ನೆಲಕ್ಕೆ ಕುಸಿದು ಚಕ್ರ ನೋಡಿದಳು. ನಟ್ಟು ಕೊನೆಯ ಎರಡು ಸುತ್ತಿನಲ್ಲಿ ನೇತಾಡುತ್ತಿತ್ತು, ಚಕ್ರ ಓರೆಯಾಗಿತ್ತು. ಚಕ್ರ ನೇರ ಮಾಡಿ ನಟ್ಟು ಬಿಗಿದಳು. ಪಿನ್ನು ತೂರಿಸಲು ಮಾತ್ರ ನಾಲ್ಕು ಸಲ ಪ್ರಯತ್ನಿಸಬೇಕಾಯಿತು.

ಪರೀಕ್ಷೆ ಮುಗಿಸಿ ಬಂದ ಚೈತಾಲಿ ಬೆರಗಾದಳು. "ಎಂತ ಅಮ್ಮ, ನೀನು ಇಲ್ಲಿ?"

ಪುಷ್ಪಾವತಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ತಪ್ಪು ತನ್ನದೇ ಎಂದಳು.

ಚೈತಾಲಿ ಹಿಂದಿನ ಚಕ್ರದ ಕಡೆ ನೋಡಿದಳು. "ಇಳಿಜಾರಿನಲ್ಲಿ ಹಿಂದಿನಿಂದ ಯಾರೋ ಎಳೆದ ಹಾಗೆ ಆಯಿತು. ತಡ ಆಗ್ತದೆ ಅಂತ ನಿಲ್ಲಿಸಲಿಲ್ಲ," ಎಂದಳು. ಆಮೇಲೆ ಅಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟಳು.

ಮನೆಗೆ ಮರಳುವಾಗ ಪುಷ್ಪಾವತಿ ಬೈಕು ಓಡಿಸಿದಳು. ಮಗಳು ಹಿಂದಿನಿಂದ ಸೊಂಟ ಬಿಗಿಯಾಗಿ ಹಿಡಿದಿದ್ದಳು. ಲಿಯೋನೆಲ್‌ನ ರಿಕ್ಷಾ ಹಿಂದೆಯೇ ನಿಧಾನವಾಗಿ ಬಂತು. ಈಗಲೂ ಚೈನ್ ಕೆಲಸ ಅವಳೇ ಮಾಡುತ್ತಾಳೆ. ಆದರೆ ಗೋಣಿ ಹಾಸುವ ಮೊದಲು ಬೈಕಿನ ಕೀಲಿ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ. ಕೊನೆಗೆ ಪಿನ್ನು ತೂರಿಸುವ ತನಕ ಆ ಗಂಟು ಬಿಚ್ಚುವುದಿಲ್ಲ.